ನಗೆಯ ಗಡಿ

ನೆರೆಯವನನ್ನು ಕುರಿತು ನಗುವುದು ಮನುಷ್ಯನ ಪುರಾತನ ಅಭ್ಯಾಸಗಳಲ್ಲಿ ಒಂದು. ಇಂಗ್ಲಿಷರು ಐರಿಷರನ್ನೂ ಫ್ರೆಂಚರು ಬೆಲ್ಜಿಯನ್ನರನ್ನೂ ದಡ್ಡರೆಂದು ಹಾಸ್ಯ ಮಾಡುತ್ತ ಬಂದಂತೆಯೇ, ನಮ್ಮಲ್ಲಿ ಮೈಸೂರಿನವರು ಧಾರವಾಡದವರ ಒರಟು ಮಾತನ್ನೂ, ಧಾರವಾಡದವರು ಮೈಸೂರಿನವರ ಒಣ ಉಪಚಾರವನ್ನೂ, ಇವರಿಬ್ಬರೂ ಕೂಡಿ ಮಂಗಳೂರಿನವರ ಪುಸ್ತಕದ ಕನ್ನಡವನ್ನೂ ಆಡಿಕೊಂಡು ನಕ್ಕಿದ್ದಾರೆ. ಇಂಥ ನಗೆಯನ್ನು ಕಾನೂನಿನಿಂದ ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಆದರೆ ಬೇರೆ ಬೇರೆ ಭಾಷೆ ಮತ್ತು ಚರಿತ್ರೆಗಳುಳ್ಳ ಜನ ಒಟ್ಟಾಗಿ ಬಾಳಬೇಕೆಂದು ನಿಶ್ಚಯಿಸಿದ ಮೇಲೆ, ಈ ನಗೆ ಆ ನಿಶ್ಚಯಕ್ಕೆ ಬಲ ಕೊಡುತ್ತದೆಯೇ, ಇಲ್ಲವೇ ಅದನ್ನು ಒಳಗಿನಿಂದ ಸವೆಯಿಸುತ್ತದೆಯೇ ಎಂದು ಕೇಳದೆ ಇರಲಾಗದು.

ಈ ಪ್ರಶ್ನೆಯನ್ನು ಪರೀಕ್ಷಿಸಲು ಬೆಂಗಳೂರಿನ ಹಲಸೂರಿಗಿಂತ ಯೋಗ್ಯವಾದ ಸ್ಥಳ ದೊರಕುವುದು ಕಷ್ಟ. ಸೋಮೇಶ್ವರನ ಗುಡಿಯೂ ಕೆರೆಯೂ ಉಳ್ಳ ಈ ಹಳೆಯ ಊರಿನ ಮಗ್ಗುಲಲ್ಲೇ 1809ರಲ್ಲಿ ಇಂಗ್ಲಿಷರು ತಮ್ಮ ದಂಡನ್ನು ನೆಲೆಗೊಳಿಸಿದರು. ದಂಡಿನ ಬೆನ್ನಿಗೆ ತಮಿಳು ಸೀಮೆಯಿಂದ ಸಿಪಾಯಿಗಳು, ಗುತ್ತಿಗೆದಾರರು, ವ್ಯಾಪಾರಿಗಳು, ಅಡಿಗೆಯವರು ಬಂದರು. ತೆಲುಗರೂ ದಖನಿ ಉರ್ದು ಆಡುವವರೂ ಬಂದು ಸೇರಿದರು. 1881ರಲ್ಲಿ ರಾಜ್ಯವು ಒಡೆಯರ ಕೈಗೆ ಮರಳಿದಾಗಲೂ ದಂಡಿನ ಪ್ರದೇಶವು ಇಂಗ್ಲಿಷರ ವಶದಲ್ಲೇ ಉಳಿಯಿತು. 1947ರಲ್ಲಿ ಅದು ಮೈಸೂರಿಗೆ ಸೇರಿತು. 1949ರಲ್ಲಿ ಪೇಟೆ ಮತ್ತು ದಂಡುಗಳ ಎರಡು ಪುರಸಭೆಗಳು ಕೂಡಿ ಒಂದು ನಗರಪಾಲಿಕೆಯಾಯಿತು. ನಕ್ಷೆಯ ಗಡಿ ಅಳಿಯಿತು. ನಾಲಗೆಯ ಮೇಲಿನ ಗಡಿ ಅಷ್ಟು ಸುಲಭವಾಗಿ ಅಳಿಯಲಿಲ್ಲ.

ಆ ಗಡಿಯಲ್ಲಿ ಎರಡು ಬಗೆಯ ನಗೆ ಬೆಳೆಯಿತು. ದೊರೆಗಳ ಮನೆಯ ಅಡಿಗೆಯವರೂ ಆಳುಗಳೂ ಆಡುತ್ತಿದ್ದ ಭಾಷೆಗೆ 'ಬಟ್ಲರ್ ಇಂಗ್ಲಿಷ್' ಎಂಬ ಹೆಸರು ಬಿದ್ದಿತು. ಹೊಟ್ಟೆಪಾಡಿಗಾಗಿ ಪರಭಾಷೆಯನ್ನು ಕಲಿತ ಬಡವನನ್ನು ಕಂಡು, ಅವನ ಭಾಷೆಯ ನಾಲ್ಕು ಮಾತನ್ನೂ ಸರಿಯಾಗಿ ಕಲಿಯದ ಯಜಮಾನ ನಕ್ಕನು. ಆಳು ತಿರುಗಿ ನಗುವಂತಿರಲಿಲ್ಲ. ಇದು ಒಂದು ಬಗೆ. ಹಲಸೂರಿನ ಗಲ್ಲಿಗಳಲ್ಲಿ ಇನ್ನೊಂದು ಬಗೆಯ ನಗೆಯೂ ಇತ್ತು, ಇಂದಿಗೂ ಇದೆ. ಅಲ್ಲಿ ತಮಿಳು ಮನೆಯವರಿಗೆ ಕನ್ನಡ ಬರುತ್ತದೆ, ಕನ್ನಡದ ಮನೆಯವರಿಗೆ ತಮಿಳು ಬರುತ್ತದೆ, ಇಬ್ಬರಿಗೂ ಒಂದಿಷ್ಟು ಉರ್ದು ಬರುತ್ತದೆ. ಒಬ್ಬನು ಇನ್ನೊಬ್ಬನ ಮಾತನ್ನು ಅಣಕಿಸಬೇಕಾದರೆ ಮೊದಲು ಅದನ್ನು ಕಲಿತಿರಬೇಕು. ಕಲಿತು ಅಣಕಿಸಿದವನಿಗೆ ಅದೇ ಭಾಷೆಯಲ್ಲಿ ಒಡನೆಯೇ ಮರುಮಾತು ಬೀಳುತ್ತದೆ. ಈ ನಗೆಯಲ್ಲಿ ಸಮಾನತೆ ಇದೆ, ಪರಿಚಯವಿದೆ. ಮೊದಲನೆಯದರಲ್ಲಿ ಇವೆರಡೂ ಇಲ್ಲ.

ಪರಿಚಯವಿಲ್ಲದ ನಗೆಯ ದೋಷವೆಂದರೆ ಅದು ಕ್ರಮೇಣ ತಿಳಿವಳಿಕೆಯ ಸ್ಥಾನವನ್ನು ಆಕ್ರಮಿಸುತ್ತದೆ. 'ಅವರೆಲ್ಲ ಹಾಗೆಯೇ' ಎಂದು ನಗುತ್ತ ಹೇಳಿದ ಮಾತನ್ನು ಕಷ್ಟಕಾಲದಲ್ಲಿ ಹಲ್ಲು ಕಚ್ಚಿ ಹೇಳುವುದು ಸಾಧ್ಯವಾಗುತ್ತದೆ. 1991ರಲ್ಲಿ ಕಾವೇರಿಯ ವಿವಾದ ಉಲ್ಬಣಗೊಂಡು ಬೆಂಗಳೂರಿನಲ್ಲಿ ತಮಿಳರೂ ತಮಿಳುನಾಡಿನಲ್ಲಿ ಕನ್ನಡಿಗರೂ ಹಿಂಸೆಗೆ ಗುರಿಯಾದರು. ಅದಕ್ಕೆ ಪರಿಹಾಸ್ಯವೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ನೀರೂ ರಾಜಕಾರಣವೂ ಕಾರಣ. ಆದರೆ ಪಕ್ಕದ ಬೀದಿಯ ಸಂಸಾರವೊಂದನ್ನು ಹೆಸರಿನಿಂದಲ್ಲದೆ ಜಾತಿವಾಚಕವಾದ ಅಡ್ಡಹೆಸರಿನಿಂದ ಮಾತ್ರ ಬಲ್ಲವನಿಗೆ ಕಲ್ಲೆತ್ತುವುದು ಸುಲಭವೆಂಬುದನ್ನು ಯಾರು ಅಲ್ಲಗಳೆಯಬಲ್ಲರು?

ಅದೇ 1991ರಲ್ಲಿ ಹಲಸೂರು ಕೆರೆಯ ಸಮೀಪದಲ್ಲಿ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆಯು ಹದಿನೆಂಟು ವರ್ಷ ಮುಸುಕಿನಲ್ಲೇ ಇರಬೇಕಾಯಿತು. 2009ರ ಆಗಸ್ಟ್ 9ರಂದು ಆ ಮುಸುಕು ಸರಿಯಿತು. ನಾಲ್ಕು ದಿನಗಳ ತರುವಾಯ ಚೆನ್ನೈಯಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಜಾತಿ ಕುಲಗಳ ಬಿಂಕವನ್ನು ನಕ್ಕು ಬಯಲಿಗೆಳೆದ ಸರ್ವಜ್ಞನು ಈ ಸಂಧಾನಕ್ಕೆ ಪ್ರತಿನಿಧಿಯಾದುದು ಎಷ್ಟು ಉಚಿತ!

ವಿಚಿತ್ರವೆಂದರೆ ಆ ವರ್ಷವೇ ಯೂರೋಪಿನಲ್ಲಿ ಇನ್ನೊಂದು ಮುಸುಕು ಬಿದ್ದಿತು. ಜನವರಿಯಲ್ಲಿ ಬ್ರಸೆಲ್ಸಿನಲ್ಲಿ, ಯೂರೋಪು ಒಕ್ಕೂಟದ ಮಂತ್ರಿಗಳು ಸೇರುವ ಕಟ್ಟಡದಲ್ಲಿ, ಚೆಕ್ ಶಿಲ್ಪಿ ಡೇವಿಡ್ ಚೆರ್ನಿಯ 'ಎಂಟ್ರೋಪಾ' ಎಂಬ ಬೃಹತ್ ಕೃತಿಯನ್ನು ತೂಗುಹಾಕಿದರು. ಒಂದೊಂದು ದೇಶವೂ ಅಲ್ಲಿ ತನ್ನನ್ನು ಕುರಿತ ಜನಪ್ರಿಯ ನಗೆಮಾತಿನ ರೂಪದಲ್ಲಿತ್ತು: ರುಮಾನಿಯಾ ಡ್ರಾಕುಲಾನ ವಿಹಾರವನ, ಸ್ವೀಡನ್ ಪೀಠೋಪಕರಣದ ಪೆಟ್ಟಿಗೆ, ಬಲ್ಗೇರಿಯ ಕುಕ್ಕರಗಾಲಿನ ಪಾಯಿಖಾನೆ. ಬಲ್ಗೇರಿಯ ಪ್ರತಿಭಟಿಸಲು ಆ ಭಾಗಕ್ಕೆ ಕಪ್ಪು ಬಟ್ಟೆ ಹೊದಿಸಿದರು. ಸಿರಿವಂತ ಸ್ವೀಡನ್ನಿಗೆ ಪೆಟ್ಟಿಗೆಯೆಂದರೆ ವಿನೋದ. ಒಕ್ಕೂಟಕ್ಕೆ ಸೇರಿ ಎರಡೇ ವರ್ಷವಾಗಿದ್ದ ಬಡ ಬಲ್ಗೇರಿಯಕ್ಕೆ ಪಾಯಿಖಾನೆಯೆಂದರೆ ಅವಮಾನ. ತಕ್ಕಡಿ ಸಮವಾಗಿಲ್ಲದ ಕಡೆ ಒಂದೇ ತೂಕದ ನಗೆಮಾತು ಎಲ್ಲರ ಮೇಲೂ ಒಂದೇ ಭಾರವಾಗಿ ಬೀಳುವುದಿಲ್ಲ.

ನಮ್ಮ ಒಕ್ಕೂಟದ ಮಾತಾದರೂ ಏನು? 1956ರ ನವೆಂಬರ್ 1ರಂದು ಹಲವು ಆಡಳಿತಗಳಲ್ಲಿ ಹರಿದು ಹಂಚಿದ್ದ ಕನ್ನಡನಾಡು ಒಂದಾಯಿತು. ಆದರೂ ನಮ್ಮ ಚಲಚ್ಚಿತ್ರಗಳಲ್ಲಿ ನಾಯಕನು ಬಹುಮಟ್ಟಿಗೆ ಮೈಸೂರು ಬೆಂಗಳೂರುಗಳ ಕನ್ನಡವನ್ನಾಡುತ್ತಾನೆ; ಉತ್ತರದ ಕನ್ನಡವನ್ನಾಡುವವನು ಎಷ್ಟೋ ಸಲ ವಿದೂಷಕ, ಇಲ್ಲವೇ ಪುಂಡ. ಇಂದು ಮೊಬೈಲಿನ ಕಿರುಚಿತ್ರಗಳಲ್ಲೂ ಇದೇ ಅಚ್ಚು ನಡೆಯುತ್ತಿದೆ. ಬೇಂದ್ರೆಯವರ ಕಾವ್ಯ ಅರಳಿದ ಮಾತನ್ನು ಕೇಳಿದೊಡನೆ ನಗು ಬರಬೇಕೆಂದು ಪ್ರೇಕ್ಷಕರಿಗೆ ಕಲಿಸಿದ್ದು ಏಕೀಕರಣಕ್ಕೆ ಸಲ್ಲಿಸಿದ ಸೇವೆಯಲ್ಲ.

ಇದಕ್ಕಿಂತ ಉತ್ತಮವಾದ ಮಾದರಿಗೆ ನಾವು ಹೊರಗೆ ಹೋಗಬೇಕಾಗಿಲ್ಲ. ಜಿ. ಪಿ. ರಾಜರತ್ನಂ ಕುಡುಕ ರತ್ನನ ಬಾಯಲ್ಲಿ ಒಡೆದ ಮಾತನ್ನಿಟ್ಟರು. ಓದುಗನು ನಗುತ್ತ ಹೊರಟು ಕಡೆಗೆ ಆ ರತ್ನನ ನುಡಿಯಭಿಮಾನಕ್ಕೆ ತಲೆಬಾಗುತ್ತಾನೆ. ಹರಪನಹಳ್ಳಿಯ ಬೀchi ಎಂದೇ ನಾಡು ಬಲ್ಲ ಬೀಚಿಯವರು ತಮ್ಮ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟು ಮೊದಲ ಏಟನ್ನು ತಮಗೇ ಕೊಟ್ಟುಕೊಂಡರು. 'ಅನರ್ಥಕೋಶ'ದ ನಾ. ಕಸ್ತೂರಿಯವರು ಕೇರಳದಿಂದ ಬಂದ ಮಲಯಾಳಿ. ಪರಭಾಷೆಯವನ ಕನ್ನಡವೆಂದರೆ ನಗೆಪಾಟಲೆಂದು ಅಂದಿನ ಮೈಸೂರು ಬಾಗಿಲು ಹಾಕಿಕೊಂಡಿದ್ದರೆ, ಕನ್ನಡಿಗರನ್ನು ನಗಿಸಿದ ಒಬ್ಬ ಶ್ರೇಷ್ಠ ಲೇಖಕನನ್ನೇ ನಾವು ಕಳೆದುಕೊಳ್ಳುತ್ತಿದ್ದೆವು.

ಆದುದರಿಂದ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಕಲಬುರಗಿಯ, ಕುಂದಾಪುರದ, ಕೊಳ್ಳೇಗಾಲದ ಹುಡುಗ ತನ್ನ ಮನೆಯ ಮಾತಿನಲ್ಲಿ ತರಗತಿಯಲ್ಲಿ ಉತ್ತರ ಹೇಳಿದಾಗ ಏಳುವ ನಗೆಯನ್ನು ಗಮನಿಸಿರಿ. ಹೊಸದಾಗಿ ಕನ್ನಡ ಕಲಿಯುತ್ತಿರುವವನು ಲಿಂಗವಚನಗಳಲ್ಲಿ ಎಡವಿದಾಗ ಏಳುವ ನಗೆಯನ್ನೂ ಗಮನಿಸಿರಿ. ಆ ನಗೆ ಅವನನ್ನು ಇನ್ನೊಂದು ವಾಕ್ಯವಾಡಲು ಕರೆಯುತ್ತದೆಯೋ, ಬಾಯಿ ಮುಚ್ಚಿಸುತ್ತದೆಯೋ ಎಂಬುದೇ ಪರೀಕ್ಷೆ. ಬಾಯಿ ಮುಚ್ಚಿದವನು ನಮ್ಮೊಡನೆ ಕೂಡಿ ಬಾಳುವುದಾದರೂ ಹೇಗೆ?