ಕೆಲಸದವರು ಬರುವ ಮೊದಲು ಎತ್ತಿಡಬೇಕಾದದ್ದು

ಮನೆಕೆಲಸದವರು ಬರುವುದಕ್ಕೆ ಮೊದಲು ನಾನು ಮನೆ ಎತ್ತಿಡುವುದನ್ನು ಕಂಡ ನೆಂಟರಿಷ್ಟರು ಕೇಳುವುದು ಒಂದೇ ಮಾತು: ‘ದುಡ್ಡು ಕೊಟ್ಟು ಇಟ್ಕೊಂಡಿಲ್ವಾ? ಅವಳು ಮಾಡ್ತಾಳೆ ಬಿಡಿ.’ ಮಾಡುತ್ತಾರೆ, ನಿಜ. ಅವರಿಂದ ಅದನ್ನು ಮಾಡಿಸಬಾರದು ಎಂಬುದು ನನ್ನ ವಾದ.

ಕೆಲಸ ಮಾತಾಡುವ ದಿನ ನಾವೆಲ್ಲ ಎಷ್ಟು ಬಿಡಿಸಿ ಮಾತಾಡುತ್ತೇವೆ! ಕಸ-ನೆಲಕ್ಕೆ ಇಷ್ಟು, ಪಾತ್ರೆಗೆ ಇಷ್ಟು, ಬಚ್ಚಲು ತೊಳೆದರೆ ಇನ್ನಷ್ಟು, ಬಟ್ಟೆ ಒಣಹಾಕಿದರೆ ಬೇರೆ. ಆ ಲೆಕ್ಕದಲ್ಲಿ ಸೋಫಾ ಮೇಲಿನ ಒದ್ದೆ ಟವೆಲು, ಮಗನ ಲ್ಯಾಪ್‌ಟಾಪ್ ವೈರು, ಮಂಚದ ಕೆಳಗಿನ ಕಾಫಿ ಲೋಟ, ಊಟದ ಮೇಜಿನ ತುಂಬ ಹರಡಿದ ಕರೆಂಟ್ ಬಿಲ್ಲು, ಮಾತ್ರೆ ಚೀಟಿ ಎಲ್ಲೂ ಬರುವುದಿಲ್ಲ. ಅವನ್ನು ಎತ್ತದೆ ಪೊರಕೆ ಆಡುವುದೂ ಇಲ್ಲ. ಗಿರಿನಗರದ ನಮ್ಮ ಮನೆಗೆ ಬರುವವರು ಬೆಳಿಗ್ಗೆ ಏಳೂವರೆಗೆ ಬಂದು ಎಂಟೂವರೆಗೆ ಹೊರಡಬೇಕು. ಆಮೇಲೆ ಎದುರಿನ ಅಪಾರ್ಟ್‌ಮೆಂಟಿನಲ್ಲಿ ಎರಡು ಮನೆ, ಅಲ್ಲಿಂದ ಹೊಸಕೆರೆಹಳ್ಳಿ ಕಡೆ ಇನ್ನೊಂದು. ನಮ್ಮಲ್ಲಿ ತಡವಾದರೆ ಕೊನೆಯ ಮನೆಯಲ್ಲಿ ಬೈಸಿಕೊಳ್ಳುವವರು ಅವರು.

ಕರ್ನಾಟಕ ಸರ್ಕಾರ 2004ರಲ್ಲೇ ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದಿತು. ದೇಶದಲ್ಲಿ ಇದಕ್ಕೆ ಮೊದಮೊದಲು ಕೈಹಾಕಿದ ರಾಜ್ಯಗಳಲ್ಲಿ ನಮ್ಮದೂ ಒಂದು. ನನಗೆ ಅದು ಹೆಮ್ಮೆ. ಆದರೆ ಒಂದು ಗಂಟೆಯ ಸಂಬಳ ಕೊಟ್ಟು ಒಂದೂಕಾಲು ಗಂಟೆ ದುಡಿಸಿದರೆ ವೇತನ ತಾನಾಗಿಯೇ ಇಳಿಯಿತಲ್ಲ? ಕಡಿಮೆ ಕೊಟ್ಟೆವೆಂದು ನಮಗೆ ಅನ್ನಿಸುವುದಿಲ್ಲ, ಯಾವ ಲೇಬರ್ ಇನ್‌ಸ್ಪೆಕ್ಟರ್ ಕಣ್ಣಿಗೂ ಅದು ಬೀಳುವುದಿಲ್ಲ.

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಅಲ್ಲಿ ಸಂಜೆ ಕ್ಯಾಷ್ ಎಣಿಸಿ, ಪುಸ್ತಕಕ್ಕೆ ತಾಳೆ ನೋಡಿ, ಸ್ಟ್ರಾಂಗ್ ರೂಮಿಗೆ ಸೇರಿಸಿ, ಇಬ್ಬರ ಬಳಿ ಇರುವ ಎರಡು ಕೀಲಿಕೈಗಳಿಂದ ಬೀಗ ಹಾಕದೆ ಯಾರೂ ಮನೆಗೆ ಹೊರಡುವಂತಿರಲಿಲ್ಲ. ಈ ಶಿಸ್ತು ದುಡ್ಡನ್ನು ಕಾಯುವಷ್ಟೇ ಮನುಷ್ಯರನ್ನೂ ಕಾಯುತ್ತದೆ ಎಂದು ನನ್ನ ಮೊದಲ ಮ್ಯಾನೇಜರ್ ಹೇಳುತ್ತಿದ್ದರು. ನಾಳೆ ಹೆಚ್ಚುಕಮ್ಮಿಯಾದರೆ ಬೆಳಿಗ್ಗೆ ಬಂದು ಕಸ ಗುಡಿಸುವ ಹೆಂಗಸಿನ ಮೇಲೆ ಯಾರ ಕಣ್ಣೂ ಹೋಗಬಾರದು ಎನ್ನುವುದು ಅವರ ಕಾಳಜಿ. ಮನೆಯಲ್ಲಿ ನಾವು ಈ ಶಿಸ್ತನ್ನು ಪೂರಾ ಬಿಟ್ಟುಬಿಟ್ಟಿದ್ದೇವೆ. ಸ್ನಾನಕ್ಕೆ ಹೋಗುವಾಗ ಗೂಡಿನಲ್ಲಿ ಬಿಚ್ಚಿಟ್ಟ ಓಲೆ, ಫ್ರಿಜ್ಜಿನ ಮೇಲೆ ಐನೂರರ ನೋಟು, ಒಗೆಯಲು ಹಾಕಿದ ಪ್ಯಾಂಟಿನ ಜೇಬಲ್ಲಿ ಚಿಲ್ಲರೆ. ಓಲೆ ಕಾಣದಿದ್ದಾಗ ಮೊದಲು ಬಾಯಿಗೆ ಬರುವ ಹೆಸರು ಯಾರದು? ಅದೇ ಓಲೆ ವಾರ ಕಳೆದ ಮೇಲೆ ಹಾಸಿಗೆಯ ಸಂದಿಯಲ್ಲಿ ಸಿಗುತ್ತದೆ. ಅಷ್ಟರಲ್ಲಿ ಅವರನ್ನು ಕೆಲಸದಿಂದ ಬಿಡಿಸಿ ಆಗಿರುತ್ತದೆ, ಬೀದಿಯ ನಾಲ್ಕು ಮನೆಗೆ ಸುದ್ದಿ ಮುಟ್ಟಿರುತ್ತದೆ. ಈ ಕೆಲಸ ಸಿಗುವುದೇ ಒಂದು ಮನೆಯವರು ಇನ್ನೊಂದು ಮನೆಗೆ ಹೇಳುವ ಒಳ್ಳೆಯ ಮಾತಿನಿಂದ. ಹಬ್ಬಿಸಿದ ಅನುಮಾನವನ್ನು ವಾಪಸು ತರಲು ಮನೆಮನೆಗೆ ಹೋದವರನ್ನು ನಾನು ನೋಡಿಲ್ಲ. ಎತ್ತಿಡುವುದಕ್ಕೆ ಬೇರೆ ಯಾವ ಕಾರಣ ಇಲ್ಲದಿದ್ದರೂ ಇದೊಂದು ಸಾಕು.

ಇನ್ನು ಕಸದ ಬುಟ್ಟಿ. ಒಡೆದ ಗಾಜು, ಶೇವಿಂಗ್ ಬ್ಲೇಡು ದಪ್ಪ ಕಾಗದದಲ್ಲಿ ಸುತ್ತಿರಬೇಕು. ಡೈಪರು, ಪ್ಯಾಡು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿರಬೇಕು. ಹಸಿ, ಒಣ ಎಂದು ಬೇರ್ಪಡಿಸುವುದು ಕಸ ಹುಟ್ಟಿಸಿದವರದೇ ಹೊಣೆ ಎಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ನಾವು ಬೆರೆಸಿದ್ದನ್ನು ಅವರು ಬರಿಗೈಯಲ್ಲಿ ಬಿಡಿಸುವುದು ಯಾವ ನ್ಯಾಯ? ಟಾಯ್ಲೆಟ್ ತೊಳೆಯುವ ಆ್ಯಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಕಿಂಡಿ ಅಂಗೈಯಷ್ಟೇ ಇರುವ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೇ ಕೈಹಾಕುತ್ತದೆ. ಆ ಎರಡನ್ನೂ ನಾನು ಒಂದೇ ಕಡೆ ಇಡುವುದಿಲ್ಲ. ಹಳೇ ನೀರಿನ ಬಾಟಲಿಗೆ ಆ್ಯಸಿಡ್ ಸುರಿದು ಮೂಲೆಗಿಡುವ ಅಭ್ಯಾಸವಂತೂ ಇವತ್ತೇ ನಿಲ್ಲಬೇಕು.

ಎತ್ತಿಡುವವರು ಯಾರು ಎಂಬುದನ್ನೂ ಕೇಳಲೇಬೇಕು. ಬಹಳ ಮನೆಗಳಲ್ಲಿ ಡಬ್ಬಿಗೆ ಚಿತ್ರಾನ್ನ ಕಲಸುತ್ತಲೇ ಒಂದು ಕೈಯಲ್ಲಿ ಕಾಲುಚೀಲ ಹೆಕ್ಕುವವಳು ಮನೆಯ ಹೆಂಗಸು. ಅವಳು ಎತ್ತಿಟ್ಟು, ಇನ್ನೊಬ್ಬ ಹೆಂಗಸು ಗುಡಿಸಿ, ಗಂಡಸರು ಮೊಬೈಲು ಹಿಡಿದು ಕಾಲು ಮೇಲೆತ್ತಿ ಕೂತರೆ ನಾನು ಹೇಳುತ್ತಿರುವುದು ಆಗಲಿಲ್ಲ. ನಮ್ಮಲ್ಲಿ ರಾತ್ರಿ ಊಟವಾದ ಮೇಲೆ ಅವರವರ ಸಾಮಾನು ಅವರವರೇ ಎತ್ತಬೇಕು, ತಟ್ಟೆಯ ಎಂಜಲು ಬಳಿದು ನೀರು ಬಿಟ್ಟೇ ಸಿಂಕಿಗೆ ಇಳಿಸಬೇಕು. ತಳ ಹಿಡಿದ ಕುಕ್ಕರಿಗೆ ರಾತ್ರಿಯೇ ಬಿಸಿನೀರು. ಐದು ವರ್ಷದ ಮೊಮ್ಮಗಳೂ ತನ್ನ ಬಣ್ಣದ ಪೆನ್ಸಿಲ್ಲುಗಳನ್ನು ಡಬ್ಬಿಗೆ ತುಂಬುತ್ತಾಳೆ.

ಹೀಗೆ ನಡೆಯುವ ಮನೆಯಲ್ಲಿ ವಾರದ ರಜೆ ಕೊಡುವುದೂ ಸುಲಭ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಒಪ್ಪಿದ 189ನೇ ಒಡಂಬಡಿಕೆ, ಮನೆಕೆಲಸದವರಿಗೆ ವಾರಕ್ಕೆ ಸತತ 24 ಗಂಟೆಯಾದರೂ ಬಿಡುವು ಇರಬೇಕೆನ್ನುತ್ತದೆ. ಭಾರತ ಅದರ ಪರ ಮತ ಹಾಕಿದರೂ ಅನುಮೋದಿಸಲಿಲ್ಲ. ಇವರಿಗಾಗಿ ಕಾನೂನು ತರುವ ಬಗ್ಗೆ ಪರಿಶೀಲಿಸಲು ಸಮಿತಿ ಮಾಡಿ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಕೇಂದ್ರಕ್ಕೆ ಸೂಚಿಸಿತು. ಕಾನೂನು ಬರಲಿ, ಬೇಗ ಬರಲಿ. ಅದು ಬಂದ ಮೇಲೂ ಭಾನುವಾರದ ಪಾತ್ರೆಯನ್ನು ಸೋಮವಾರಕ್ಕೆ ಗುಡ್ಡೆ ಹಾಕಿಟ್ಟರೆ ಅವರಿಗೆ ರಜೆ ಸಿಕ್ಕಂತಾಗುವುದಿಲ್ಲ. ನಮ್ಮ ಮನೆಯಲ್ಲಿ ಭಾನುವಾರ ಪಾತ್ರೆ ತೊಳೆಯುವುದು ನನ್ನ ಯಜಮಾನರು, ಗುಡಿಸುವುದು ಮಗ.