ರ‍್ಯಾಮ್ ಹೆಚ್ಚಿಸಿದರೆ ಲ್ಯಾಪ್‌ಟಾಪ್ ಜೊತೆ ನೆಟ್ಟೂ ಫಾಸ್ಟ್ ಆಗುತ್ತದೆಯೇ?

"ಹಳೇ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಡಬಲ್ ಮಾಡಿಸಿ, ನೆಟ್ಟೂ ಫಾಸ್ಟ್ ಆಗುತ್ತೆ" ಎಂಬ ಧಾಟಿಯ ಸಲಹೆ ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಂದ ಪೇಟೆಗೆ ಹೋಗಿ ರಿಪೇರಿ ಮಾಡಿಸುವುದೆಂದರೆ ದುಡ್ಡಿನ ಜೊತೆ ಒಂದು ದಿನದ ಕೆಲಸವೂ ಹೋದಂತೆ. ಹಾಗಾಗಿ ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ರ‍್ಯಾಮ್ ಮಾಡುವುದೇನು?
ಅಡಿಕೆ ಮೂಟೆ ಇಡುವ ಅಟ್ಟವನ್ನು ಹಾರ್ಡ್ ಡಿಸ್ಕ್ ಎಂದುಕೊಳ್ಳಿ. ಅಡಿಕೆ ಹರಡಿಕೊಂಡು ಆರಿಸುವ ಜಗಲಿಯೇ ರ‍್ಯಾಮ್. ಜಗಲಿ ಕಿರಿದಾದರೆ ಮತ್ತೆ ಮತ್ತೆ ಅಟ್ಟ ಹತ್ತಿ ಇಳಿಯಬೇಕು, ಲ್ಯಾಪ್‌ಟಾಪ್ ನಿಧಾನವಾಗುತ್ತದೆ. ಆದರೆ ಜಗಲಿ ಅರ್ಧ ಖಾಲಿಯೇ ಇದ್ದರೆ ಅದನ್ನು ದೊಡ್ಡದು ಮಾಡಿ ಲಾಭವಿಲ್ಲ.

ಪರೀಕ್ಷೆ ಸುಲಭ. ವಿಂಡೋಸ್‌ನಲ್ಲಿ ಎಂದಿನ ಕೆಲಸ ನಡೆಯುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ, 'ಮೆಮೊರಿ' ಎಷ್ಟು ಶೇಕಡಾ ತೋರಿಸುತ್ತದೆ ನೋಡಿ. ಸದಾ 85–90 ದಾಟುತ್ತಿದ್ದರೆ ರ‍್ಯಾಮ್ ಹೆಚ್ಚಿಸುವುದು ಸರಿ. ಮೆಮೊರಿ ಕಡಿಮೆ ಇದ್ದು 'ಡಿಸ್ಕ್' ನೂರರ ಬಳಿ ನಿಂತಿದ್ದರೆ, ಹಳೆಯ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸುವುದೇ ಹೆಚ್ಚು ಉಪಯುಕ್ತ.

ನೆಟ್ ಫಾಸ್ಟ್ ಆಗುತ್ತದೆಯೇ?
ಇಲ್ಲ. ಜಗಲಿ ದೊಡ್ಡದಾದರೆ ಮನೆಗೆ ಬರುವ ರಸ್ತೆ ಸರಿಹೋಗುವುದಿಲ್ಲ. ಕೋವಿಡ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿದ್ದು ಸಿಗ್ನಲ್ ಇಲ್ಲದ್ದಕ್ಕೆ. ಅದಕ್ಕೆ ಟವರ್ ಅಥವಾ ಫೈಬರ್ ಬೇಕು. ಒಂದೇ ಸಲ ಹತ್ತಾರು ಟ್ಯಾಬ್ ತೆರೆದಾಗ ಬ್ರೌಸರ್ ತಡವರಿಸುವುದನ್ನು ಮಾತ್ರ ರ‍್ಯಾಮ್ ಕಡಿಮೆ ಮಾಡಬಲ್ಲದು.

ಯಾವ ರ‍್ಯಾಮ್ ಆದರೂ ಆಗುತ್ತದೆಯೇ?
ಆಗದು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಅವುಗಳ ಕಚ್ಚು ಬೇರೆ, ವೋಲ್ಟೇಜ್ ಬೇರೆ. ತೆಳ್ಳಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಹೆಚ್ಚಿಸಲು ಬರುವುದಿಲ್ಲ. 32 ಬಿಟ್ ವಿಂಡೋಸ್ 10 ಇದ್ದರೆ 4 ಜಿಬಿಗಿಂತ ಹೆಚ್ಚು ಹಾಕಿಯೂ ಉಪಯೋಗವಿಲ್ಲ. ಮಾಡೆಲ್ ಸಂಖ್ಯೆ ಕೊಟ್ಟು ಗರಿಷ್ಠ ಎಷ್ಟು ಜಿಬಿ, ಖಾಲಿ ಸ್ಲಾಟ್ ಇದೆಯೇ ಎಂದು ಫೋನಿನಲ್ಲೇ ಕೇಳಿಕೊಂಡು ಹೊರಡಿ.

ಪರದೆ ಕಪ್ಪಾದರೆ ಬೋರ್ಡ್ ಹೋಯಿತೇ?
ಹಾಗೇನೂ ಇಲ್ಲ. ರ‍್ಯಾಮ್ ಸರಿಯಾಗಿ ಕೂರದಿದ್ದರೂ, ಅದರ ತುದಿಗೆ ಧೂಳು ಅಥವಾ ತೇವ ಹಿಡಿದಿದ್ದರೂ ಲ್ಯಾಪ್‌ಟಾಪ್ ಆನ್ ಆಗದಿರಬಹುದು. ಮಳೆಗಾಲದ ಮಲೆನಾಡಿನಲ್ಲಿ ತೇವಕ್ಕೇನು ಬರ? ಹೊಸ ಬೋರ್ಡ್‌ಗೆ ಒಪ್ಪುವ ಮೊದಲು ರ‍್ಯಾಮ್ ತೆಗೆದು, ಒರೆಸಿ, ಮತ್ತೆ ಕೂರಿಸಿ ನೋಡಲು ಹೇಳಿ.

ಒಟ್ಟಿನಲ್ಲಿ, ಆ ಸಲಹೆ ಅರ್ಧ ಮಾತ್ರ ನಿಜ. ಇನ್ನೊಮ್ಮೆ ಅದು ನಿಮ್ಮ ಗುಂಪಿಗೆ ಬಂದರೆ, ಮೊದಲು ಮೆಮೊರಿ ಶೇಕಡಾ ನೋಡಿಕೊಳ್ಳಿ ಎಂದು ಉತ್ತರಿಸಿ.