ಬದುವಿನ ಬೇವು ಮತ್ತು ನೆರೆಯವನ ಬಿಸಿಲು

ನೆರೆಮನೆಯ ಮರ ಬೆಳೆದು ಮಹಡಿಯಿಂದ ಕಾಣುತ್ತಿದ್ದ ನೋಟ ಮರೆಯಾಯಿತೆಂಬುದು ನಗರಗಳ ತಕರಾರು. ಹುನಗುಂದ ಸೀಮೆಯ ರಾಮಥಾಳದಂತಹ ಊರುಗಳ ಎರೆಭೂಮಿಯಲ್ಲಿ ಮರದ ತಕರಾರಿಗೆ ಬೇರೆಯೇ ಸ್ವರೂಪ. ಬದುವಿನ ಬೇವೋ ಕರಿಜಾಲಿಯೋ ಪಕ್ಕದ ಹೊಲದ ಮೇಲೆ ನೆರಳು ಚೆಲ್ಲುತ್ತದೆ. ಅದರ ಬೇರು ಹಿಂಗಾರಿ ಜೋಳಕ್ಕೆ ಆಧಾರವಾದ ತೇವವನ್ನು ಹೀರುತ್ತದೆ. ಬದುವಿನಂಚಿನ ಸಾಲುಗಳು ಸೊರಗುತ್ತವೆ. ಮರದ ಲಾಭ ಒಬ್ಬನಿಗೆ, ನಷ್ಟ ಇನ್ನೊಬ್ಬನಿಗೆ.

ಈ ಎರಡೂ ಬಗೆಯ ದೂರುಗಳಿಗೆ ಕಾನೂನು ಏನನ್ನುತ್ತದೆ? ನೋಟವೆಂಬುದು ಸಂತೋಷದ ವಿಷಯವೇ ಹೊರತು ಅಗತ್ಯದ್ದಲ್ಲ, ಅದಕ್ಕೆ ಅಡ್ಡಿಯಾದರೆ ದಾವೆ ಹೂಡಲಾಗದು ಎಂಬ ತತ್ವವನ್ನು ಇಂಗ್ಲೆಂಡಿನ ನ್ಯಾಯಾಲಯ 1610ರಲ್ಲಿ, ಆಲ್ಡ್ರೆಡ್ ಪ್ರಕರಣದಲ್ಲಿ, ಪ್ರತಿಪಾದಿಸಿತು. ನಮ್ಮ 1882ರ ಅನುಭೋಗ ಹಕ್ಕುಗಳ ಕಾಯ್ದೆಯೂ ಉದಾರವಾಗಿಲ್ಲ. ಕಟ್ಟಡವೊಂದು 20 ವರ್ಷ ನಿರಾತಂಕವಾಗಿ ಪಡೆದ ಗಾಳಿ, ಬೆಳಕಿಗೆ ಅದರ 15ನೇ ಕಲಮು ರಕ್ಷಣೆ ನೀಡುತ್ತದೆ. ಆದರೆ ತೆರೆದ ನೆಲಕ್ಕೆ ಬೀಳುವ ಬೆಳಕಿನ ಮೇಲೆ ಹಾಗೆ ಹಕ್ಕು ಸಾಧಿಸಲಾಗದೆಂದು 17ನೇ ಕಲಮು ಹೇಳುತ್ತದೆ. ಮನೆಯ ಕಿಟಕಿಗೆ ದೊರೆಯುವ ರಕ್ಷಣೆ ಜೋಳದ ಹೊಲಕ್ಕಿಲ್ಲ! ಬಿಸಿಲನ್ನೇ ನಂಬಿದ ಬೇಸಾಯಗಾರನಿಗೆ ಇದಕ್ಕಿಂತ ವಿಪರ್ಯಾಸ ಬೇರೆ ಬೇಕೆ?

ಹಾಗೆಂದು ಕೊಡಲಿ ಎತ್ತುವಂತೆಯೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಬಿದ್ದು ಅಪಾಯ ತರುವ ಸ್ಥಿತಿಯ ಮರವನ್ನು ತೆಗೆಸಲು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅಧಿಕಾರವುಂಟು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಅವಕಾಶ 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ಆದರೆ ಆರೋಗ್ಯವಾಗಿ ನಿಂತು ನೆರಳು ಚೆಲ್ಲುವ ಬೇವು ಆ ವ್ಯಾಪ್ತಿಗೆ ಬಾರದು.

ಬ್ರಿಟನ್ನಿನಲ್ಲಿ 2003ರ ಕಾಯ್ದೆಯೊಂದು ಎರಡು ಮೀಟರಿಗಿಂತ ಎತ್ತರದ ನಿತ್ಯಹರಿದ್ವರ್ಣ ಬೇಲಿಗಳ ಬಗೆಗಿನ ದೂರನ್ನು ಸ್ಥಳೀಯ ಸಂಸ್ಥೆಗೆ ಒಯ್ಯಲು ಅವಕಾಶ ಕಲ್ಪಿಸಿತು. ಅದನ್ನು ಇಲ್ಲಿ ಯಥಾವತ್ ಅನುಕರಿಸಬೇಕಿಲ್ಲ. ನ್ಯಾಯಾಲಯದ ಮೆಟ್ಟಿಲೇರುವ ಮೊದಲೇ ಸ್ಥಳೀಯ ಸಂಸ್ಥೆಯೊಂದು ಇಬ್ಬರ ಮಾತನ್ನೂ ಕೇಳಬೇಕೆಂಬ ಅದರ ಆಶಯ ಮಾತ್ರ ಗ್ರಾಹ್ಯ.

ರಾಮಥಾಳದ ಹೆಸರು ಹೊತ್ತ ಹನಿ ನೀರಾವರಿ ಯೋಜನೆ 24 ಸಾವಿರ ಹೆಕ್ಟೇರಿಗೆ ನೀರುಣಿಸುವ ಗುರಿಯಿಂದ ರೂಪುಗೊಂಡದ್ದು. ನೀರನ್ನು ಹನಿ ಲೆಕ್ಕದಲ್ಲಿ ಅಳೆಯುವ ಸೀಮೆಯಲ್ಲಿ ನೆರೆಹೊಲಕ್ಕೆ ಚಾಚಿದ ಬೇರಿನ ಲೆಕ್ಕವನ್ನೂ ಇಡಬೇಕಾಗುತ್ತದೆ. ಇತ್ತ ಸರ್ಕಾರದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ರೈತನ ಜಮೀನಿನಲ್ಲಿ ಬದುಕುಳಿದ ಸಸಿಗೆ ಪ್ರೋತ್ಸಾಹಧನ ನೀಡುತ್ತದೆ. ಸಸಿ ನೆಡುವ ದಿನವೇ ಅದು ಗಡಿಯಿಂದ ಎಷ್ಟು ದೂರವಿರಬೇಕು, ಹಿಂಗಾರಿ ಬಿತ್ತನೆಗೆ ಮೊದಲು ಕೊಂಬೆ ಸವರುವ ಹೊಣೆ ಯಾರದು ಎಂಬುದನ್ನು ಗ್ರಾಮ ಪಂಚಾಯಿತಿಯ ಸಮಕ್ಷಮ ಬರೆದಿಟ್ಟರೆ ಮುಂದಿನ ಎಷ್ಟೋ ವ್ಯಾಜ್ಯಗಳು ಹುಟ್ಟಲಾರವು.

ಬೇಸಿಗೆಯ ನಡುಹಗಲು ಅದೇ ಬೇವಿನ ನೆರಳಿನಲ್ಲಿ ಇಬ್ಬರೂ ಬುತ್ತಿ ಬಿಚ್ಚುತ್ತಾರೆ. ಆ ನೆರಳು ಉಳಿಯಬೇಕು. ಅದರ ಬೆಲೆಯನ್ನು ಒಬ್ಬನೇ ತೆರುವಂತಾಗಬಾರದು, ಅಷ್ಟೇ.